ಪಾಂಡವಪುರ ಕಡೆಯ ತರಕಾರಿ ಬುಟ್ಟಿ: ಯಾರಿಗೆ ಒಗ್ಗುತ್ತದೆ, ಯಾರಿಗೆ ಇಲ್ಲ

ಮೊದಲೇ ಹೇಳಿಬಿಡುತ್ತೇನೆ. ಸೋಮವಾರ ಹುರುಳಿಕಾಯಿ ಪಲ್ಯ, ಮಂಗಳವಾರ ಆಲೂಗೆಡ್ಡೆ ಸಾಗು ಅಂತ ಪಟ್ಟಿ ಬರೆದಿಟ್ಟುಕೊಂಡು ಅಡುಗೆ ಮಾಡುವ ಮನೆಗೆ ಈ ಬುಟ್ಟಿ ಒಗ್ಗುವುದಿಲ್ಲ. ಬಂದದ್ದನ್ನು ನೋಡಿ ಅಡುಗೆ ತೀರ್ಮಾನ ಮಾಡುವವರಿಗೆ, ಸೊಪ್ಪು ಬಿಡಿಸಲು ಅರ್ಧ ಗಂಟೆ ಕೂರುವಷ್ಟು ಪುರುಸೊತ್ತು ಇರುವವರಿಗೆ, ಇದಕ್ಕಿಂತ ಒಳ್ಳೆಯ ತರಕಾರಿ ಮೈಸೂರಿನಲ್ಲಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ವ್ಯವಸ್ಥೆ ಹೀಗಿದೆ. ಪಾಂಡವಪುರ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಅಕ್ಕಪಕ್ಕದ ಜಮೀನಿನ ಕೆಲವು ಮನೆಯವರು ಸೇರಿಕೊಂಡು ತರಕಾರಿ ಬೆಳೆಯುತ್ತಾರೆ. ಮೈಸೂರಿನ ಒಂದಷ್ಟು ಮನೆಗಳು ಮೂರು ತಿಂಗಳ ದುಡ್ಡನ್ನು ಮುಂಗಡವಾಗಿ ಕೊಡುತ್ತವೆ. ಶನಿವಾರ ಬೆಳಿಗ್ಗೆ ಅವರ ಓಮ್ನಿ ಕುವೆಂಪುನಗರಕ್ಕೆ ಬರುತ್ತದೆ. ಒಬ್ಬರ ಮನೆಯ ಕಾರ್ ಶೆಡ್ಡಿನಲ್ಲಿ ಬುಟ್ಟಿಗಳನ್ನು ಇಳಿಸುತ್ತಾರೆ. ನಾವು ಹೋಗಿ ನಮ್ಮ ಪಾಲನ್ನು ಚೀಲಕ್ಕೆ ಸುರಿದುಕೊಂಡು ಬುಟ್ಟಿ ಅಲ್ಲೇ ಬಿಟ್ಟು ಬರಬೇಕು. ಏನು ಬೆಳೆದಿದೆಯೋ ಅದೇ ಬರುತ್ತದೆ. ಆರಿಸಿಕೊಳ್ಳುವ ಹಾಗಿಲ್ಲ. ಅರ್ಧ ಬುಟ್ಟಿಗೆ ವಾರಕ್ಕೆ 350 ರೂಪಾಯಿ, ಪೂರ್ತಿ ಬುಟ್ಟಿಗೆ 600. ಅರ್ಧ ಬುಟ್ಟಿ ಅಂದರೆ ಹೆಚ್ಚುಕಮ್ಮಿ ಐದು ಕಿಲೋ ತರಕಾರಿ, ಜೊತೆಗೆ ಸೊಪ್ಪು. ಬೆಲ್ಲ, ರಾಗಿ, ರಾಜಮುಡಿ ಅಕ್ಕಿ ಬೇಕಿದ್ದರೆ ಬೇರೆ ದುಡ್ಡು ಕೊಟ್ಟು ತರಿಸಿಕೊಳ್ಳಬಹುದು.

ಇದಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ನಾವೆಲ್ಲ ಬುಟ್ಟಿ ಅಂತಲೇ ಕರೆಯುತ್ತೇವೆ. ಈಗಿರುವ ಮನೆಗಳಿಗೇ ಸರಿಹೋಗುವಷ್ಟು ಬೆಳೆ, ಫೋನ್ ನಂಬರ್ ಎಲ್ಲೂ ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ. ಹಾಗಾಗಿ ನಂಬರ್ ಕೇಳಬೇಡಿ. ಆದರೆ ಇಂಥದ್ದೊಂದು ಗುಂಪು ನಾಳೆ ನಿಮ್ಮ ಬಡಾವಣೆಗೂ ಬರಬಹುದು. ಆಗ ಸೇರಬೇಕೋ ಬೇಡವೋ ಅನ್ನುವುದಕ್ಕೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯ ವಿಷಯ ಹೇಳಿದರೆ ಹೋಲಿಸಿಕೊಳ್ಳಲು ಸುಲಭ. ನಾವು ನಾಲ್ಕು ಜನ. ನಾನು, ಯಜಮಾನರು, ಮಗಳು, ಅತ್ತೆ. ಅತ್ತೆ ಮಂಡ್ಯ ತಾಲ್ಲೂಕಿನ ಹಳ್ಳಿಯವರು. ಎಪ್ಪತ್ತು ದಾಟಿದೆ, ರಾತ್ರಿಗೆ ಇವತ್ತಿಗೂ ಮುದ್ದೆಯೇ ಆಗಬೇಕು. ನಾನು ಮನೆಯಲ್ಲೇ ಕೇಕು, ಬನ್ನು, ಬಿಸ್ಕತ್ತು ಮಾಡಿ ಬಡಾವಣೆಯವರಿಗೆ ಕೊಡುತ್ತೇನೆ. ಒಂದು ಒಟಿಜಿ (ಮೇಜಿನ ಮೇಲಿಡುವ ಸಣ್ಣ ಕರೆಂಟಿನ ಒವನ್) ಇದೆ, ಒಂದು ತೂಕದ ಮಿಷನ್ ಇದೆ, ಅಷ್ಟೇ ನನ್ನ ಬೇಕರಿ. ಅಂದರೆ ಈ ಬುಟ್ಟಿಗೆ ನಮ್ಮಲ್ಲಿ ಎರಡು ಪರೀಕ್ಷೆ. ಒಂದು ಅತ್ತೆಯ ಸಾರಿನಲ್ಲಿ, ಇನ್ನೊಂದು ನನ್ನ ಒವನ್ನಿನಲ್ಲಿ.

ಮುಂಗಡ ದುಡ್ಡು ಕೊಟ್ಟು ಬೆಳೆಯಲ್ಲಿ ಪಾಲು ಪಡೆಯುವ ಈ ಪದ್ಧತಿ ಬೇರೆ ಕಡೆ ಹಳೆಯದು. ಜಪಾನಿನಲ್ಲಿ 1970ರ ದಶಕದಲ್ಲೇ ರೈತರೂ ಮನೆಯವರೂ ನೇರವಾಗಿ ಸೇರಿ ‘ಟೇಕೇ’ ಅನ್ನುವ ಹೆಸರಿನಲ್ಲಿ ನಡೆಸಿದರು. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳು ಶುರುಮಾಡಿದವು, ಆಮೇಲೆ ಅಲ್ಲಿ ತುಂಬ ಹರಡಿತು. ಬೆಳೆ ಬಂದರೆ ಇಬ್ಬರಿಗೂ, ಹೋದರೆ ಇಬ್ಬರಿಗೂ. ಅತ್ತೆಗೆ ಇದನ್ನು ವಿವರಿಸಿದಾಗ, ‘ವಾರಕ್ಕೆ ಜಮೀನು ಮಾಡಿದಂಗೆ, ಅಲ್ವೇನವ್ವಾ’ ಅಂದರು. ಇಲ್ಲಿ ವಾರ ಅಂದರೆ ಬೆಳೆಯಲ್ಲಿ ಪಾಲು. ಅವರಿಗೆ ಒಂದೇ ಮಾತಿನಲ್ಲಿ ಅರ್ಥವಾಗಿತ್ತು. ಪೇಟೆಯವರಿಗೆ ಅರ್ಥವಾಗಲು ಒಂದು ಬರ ಬರಬೇಕಾಯಿತು.

ಅದು 2023. ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಬುಟ್ಟಿಯ ದರ ಒಂದು ರೂಪಾಯಿಯೂ ಏರಲಿಲ್ಲ. ಬಂದಷ್ಟು ಟೊಮೆಟೊ ಎಲ್ಲರಿಗೂ ಸಮನಾಗಿ ಹಂಚಿದರು. ಎಲ್ಲರಿಗೂ ಖುಷಿ. ಆಮೇಲೆ ಮಳೆ ಕೈಕೊಟ್ಟಿತು. ಈ ನಾಲೆಗೆ ನೀರು ಬರುವುದು ಕನ್ನಂಬಾಡಿ ಕಟ್ಟೆಯಿಂದ (ಕೆ.ಆರ್.ಎಸ್.), ಅದರ ಪೂರ್ತಿ ಮಟ್ಟ 124.80 ಅಡಿ. ಆ ವರ್ಷ ನೀರು ಅಲ್ಲಿಗೆ ಮುಟ್ಟಲೇ ಇಲ್ಲ. ಸೆಪ್ಟೆಂಬರಿನಲ್ಲಿ ಕಾವೇರಿ ಹೋರಾಟ, ಮಂಡ್ಯ ಬಂದ್, ಕರ್ನಾಟಕ ಬಂದ್ ಎಲ್ಲ ಆಯಿತು. ನಾಲೆಯ ನೀರನ್ನು ನಂಬಿ ಪಾತಿ ಮಾಡುವ ಹಾಗಿರಲಿಲ್ಲ. ಬೋರ್‌ವೆಲ್ ಇದ್ದ ತಾಕಿನಲ್ಲಿ ಬಂದಷ್ಟೇ ಬೆಳೆ. ಬುಟ್ಟಿ ದಿನೇ ದಿನೇ ಹಗುರವಾಯಿತು. ಸೌತೆಕಾಯಿ, ಒಂದು ಹಿಡಿ ಬೆಂಡೆ, ನುಗ್ಗೆ ಸೊಪ್ಪು, ಮತ್ತೆ ನುಗ್ಗೆ ಸೊಪ್ಪು. ದುಡ್ಡು ಮಾತ್ರ ಅಷ್ಟೇ. ಕೆಲವು ಮನೆಯವರು ಜಗಳ ಮಾಡಿ ಬಿಟ್ಟರು. ಅವರನ್ನು ತಪ್ಪು ಅನ್ನಲಾರೆ, ತಿಂಗಳ ಖರ್ಚು ಲೆಕ್ಕ ಹಾಕುವ ಮನೆಗೆ ಅದು ಕಷ್ಟವೇ. ನಾವು ಉಳಿದುಕೊಂಡೆವು. ಮುಂದಿನ ವರ್ಷ, 2024ರ ಜುಲೈನಲ್ಲಿ ಕಟ್ಟೆ ತುಂಬಿತು. ನಾಲೆಗೆ ನೀರು ಬಂತು. ಆ ಮಳೆಗಾಲ ಪೂರ್ತಿ ಉಳಿದುಕೊಂಡ ಮನೆಗಳಿಗೆಲ್ಲ ಕೇಳದೆಯೇ ಜಾಸ್ತಿ ಬಂತು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಚೀಲ ಎತ್ತಿದಾಗ ಗೊತ್ತಾಯಿತು.

ಸೇರುವ ಮುಂಚೆ ನೀವು ಯೋಚಿಸಬೇಕಾದ ದೊಡ್ಡ ವಿಷಯ ಇದೇ. ಮಿಕ್ಕಿದ್ದೆಲ್ಲ ಅಡುಗೆಮನೆಯಲ್ಲಿ ಸರಿಮಾಡಿಕೊಳ್ಳಬಹುದು.

ಈಗ ಸೊಪ್ಪಿನ ವಿಷಯಕ್ಕೆ ಬರುತ್ತೇನೆ. ಈ ಬುಟ್ಟಿಯ ಬೆಲೆ ಇರುವುದೇ ಸೊಪ್ಪಿನಲ್ಲಿ. ಅಂಗಡಿಯಲ್ಲಿ ನಮಗೆ ಸಿಗುವುದು ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ. ಇಲ್ಲಿ ಜೂನ್ ಮಳೆ ಬಿದ್ದ ಕೆಲವೇ ದಿನಕ್ಕೆ ಬೆರಕೆ ಸೊಪ್ಪು ಶುರುವಾಗುತ್ತದೆ. ಅಣ್ಣೆ ಸೊಪ್ಪು, ಗಣಕೆ ಸೊಪ್ಪು, ಹೊನಗೊನೆ, ಕೀರೆ, ಎಳೆ ಕುಂಬಳದ ಕುಡಿ, ಎಲ್ಲ ಒಂದೇ ಕಟ್ಟಿನಲ್ಲಿ. ಇವುಗಳಲ್ಲಿ ಅರ್ಧಕ್ಕರ್ಧ ಯಾರೂ ಬಿತ್ತಿದ್ದಲ್ಲ. ಹೊಲದಲ್ಲಿ ತಾವಾಗಿ ಹುಟ್ಟಿದ್ದು. ಕಳೆನಾಶಕ ಹೊಡೆದ ಹೊಲದಲ್ಲಿ ಅಣ್ಣೆ ಸೊಪ್ಪು ಎಲ್ಲಿಂದ ಬರಬೇಕು? ಸಾವಯವ ಅಂತ ಚೀಟಿ ಅಂಟಿಸಿದ ಪ್ಯಾಕೆಟ್ಟಿಗಿಂತ ಈ ಕಟ್ಟಿನ ಮೇಲೆ ನನಗೆ ನಂಬಿಕೆ ಜಾಸ್ತಿ. ಇವರ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ, ಇದೆ ಅಂತ ಅವರು ಹೇಳಿಕೊಂಡೂ ಇಲ್ಲ. ಕೇಳಿದರೆ ಯಾವ ತಾಕಿಗೆ ಕೊಟ್ಟಿಗೆ ಗೊಬ್ಬರ, ಯಾವುದಕ್ಕೆ ಬೇವಿನ ಹಿಂಡಿ ಅಂತ ಹೇಳುತ್ತಾರೆ. ಟೊಮೆಟೊಗೆ ಒಂದು ಸಲ ಔಷಧಿ ಹೊಡೆಯಲೇಬೇಕಾಯಿತು ಅಂತ ಅದನ್ನೂ ಮೆಸೇಜಿನಲ್ಲಿ ಹಾಕಿದ್ದರು.

ಬುಟ್ಟಿ ಇಳಿಸಲು ಬರುವ ಹೆಣ್ಣುಮಗಳು ನನ್ನನ್ನು ಅಕ್ಕ ಅನ್ನುತ್ತಾಳೆ. ‘ಅಕ್ಕಾ, ಬೆರಕೆ ಸೊಪ್ಪು ಐತೆ, ಇವತ್ತೇ ಮಾಡ್ಕಳಿ, ನಾಳಿಕ್ಕೆ ಮಡಗ್‌ಬ್ಯಾಡಿ’ ಅಂತ ಪ್ರತಿ ಸಲ ಹೇಳುತ್ತಾಳೆ. ಹೇಳುವುದು ಸರಿ. ಬೆಳಿಗ್ಗೆ ಕೊಯ್ದ ಸೊಪ್ಪು ಸಂಜೆಯವರೆಗೆ ಚುರುಕಾಗಿರುತ್ತದೆ. ಮಾರನೇ ದಿನಕ್ಕೆ ಗಣಕೆ ಸೊಪ್ಪು ಬಾಡಿ ಮೂಲೆ ಸೇರುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಶನಿವಾರ ಮಧ್ಯಾಹ್ನ ಉಪ್ಸಾರು ಖಾಯಂ. ಅತ್ತೆ ಮಾಡುವ ರೀತಿ ಇದು. ತೊಗರಿಬೇಳೆಯೋ, ಆ ಕಾಲಕ್ಕೆ ಸಿಕ್ಕ ಹಸಿ ಕಾಳೋ, ಮೊದಲು ಮುಕ್ಕಾಲು ಬೇಯಬೇಕು. ಆಮೇಲೆ ತೊಳೆದು ಹೆಚ್ಚಿದ ಸೊಪ್ಪು, ಉಪ್ಪು. ಕುಕ್ಕರ್ ಬೇಡ, ಸೊಪ್ಪು ಕೆಸರಾಗುತ್ತದೆ. ತೆರೆದ ಪಾತ್ರೆಯಲ್ಲಿ ಬೆಂದರೆ ಬಣ್ಣವೂ ಉಳಿಯುತ್ತದೆ. ಬೆಂದ ಮೇಲೆ ನೀರನ್ನು ಬಸಿದು ಬೇರೆ ಇಡುತ್ತಾರೆ. ಖಾರಕ್ಕೆ ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕುತ್ತಿದ್ದರಂತೆ, ಈಗ ಬಾಣಲೆಯಲ್ಲಿ ಸುಡುತ್ತೇವೆ. ಅದಕ್ಕೆ ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಹುಣಸೆಹಣ್ಣು, ಉಪ್ಪು. ನೀರು ಕಡಿಮೆ ಹಾಕಿ ಗಟ್ಟಿಯಾಗಿ ಅರೆಯಬೇಕು. ಸೊಪ್ಪು, ಕಾಳಿಗೆ ಈರುಳ್ಳಿ ಒಗ್ಗರಣೆ. ತಟ್ಟೆಯಲ್ಲಿ ಬಿಸಿ ಮುದ್ದೆ, ಅದರ ಸುತ್ತ ಬಸಿದ ನೀರು, ಅಂಚಿನಲ್ಲಿ ಒಂದು ಉಂಡೆ ಖಾರ. ಎಷ್ಟು ಖಾರ ಬೇಕೋ ಅಷ್ಟನ್ನು ಅವರವರೇ ಕಲೆಸಿಕೊಳ್ಳಬೇಕು.

ಈ ಅಡುಗೆಯಲ್ಲಿ ಮಸಾಲೆ ಇಲ್ಲ, ತೆಂಗಿನಕಾಯಿ ಇಲ್ಲ. ಸೊಪ್ಪು ಹಳೆಯದಾಗಿದ್ದರೆ ಮುಚ್ಚಿಡಲು ಏನೂ ಇಲ್ಲ. ಅಂಗಡಿಯ ಸೊಪ್ಪಿನಲ್ಲಿ ಬಸಿದ ನೀರು ಬರೀ ಉಪ್ಪುನೀರು. ಇದರಲ್ಲಿ ಹಾಗಲ್ಲ. ಒಂದು ಹದವಾದ ಒಗರು, ಕೊನೆಯಲ್ಲಿ ಸ್ವಲ್ಪ ಸಿಹಿ. ನನ್ನ ಮಗಳು ಸೊಪ್ಪು ಅಂದರೆ ಮೂಗು ಮುರಿಯುತ್ತಿದ್ದವಳು, ಈಗ ಆ ನೀರನ್ನು ಲೋಟದಲ್ಲಿ ಕುಡಿಯುತ್ತಾಳೆ. ಇದೇ ನೀರಿಗೆ ಕಾಯಿ, ಈರುಳ್ಳಿ, ಒಂದು ಹಿಡಿ ಬೆಂದ ಸೊಪ್ಪು, ಕಾಳು ರುಬ್ಬಿ ಕುದಿಸಿದರೆ ಬಸ್ಸಾರು. ಒಂದೇ ಕಟ್ಟಿನಲ್ಲಿ ಮಧ್ಯಾಹ್ನ ಉಪ್ಸಾರು, ರಾತ್ರಿಗೆ ಬಸ್ಸಾರು ಎರಡೂ ಆಗುತ್ತದೆ.

ಮಳೆಗಾಲದ ಉಳಿದ ತರಕಾರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೀರೆ, ಸೋರೆ, ಹಲಸಂದೆ, ಬೆಂಡೆ ಚೆನ್ನಾಗಿರುತ್ತವೆ. ಬದನೆ ಮಾತ್ರ ನಮ್ಮೂರಿನ ಈರನಗೆರೆ ಬದನೆಯ ಮಟ್ಟಕ್ಕೆ ಬರುವುದಿಲ್ಲ. ವಾಂಗಿಬಾತಿಗೆ ಬೇಕಾದರೆ ಈಗಲೂ ಮಾರ್ಕೆಟ್ಟಿಗೇ ಹೋಗುತ್ತೇನೆ.

ಡಿಸೆಂಬರಿಗೆ ಅವರೆಕಾಯಿ ಬರುತ್ತದೆ. ಇದಕ್ಕೆ ಮಾತ್ರ ನಾನು ಐದಕ್ಕೆ ಐದು ಕೊಡುತ್ತೇನೆ. ಅವರೆಕಾಯಿ ಮೈಸೂರಿನಲ್ಲಿ ಬೀದಿ ಬೀದಿಯಲ್ಲಿ ಸಿಗುತ್ತದೆ, ಅದಕ್ಕೆ ಬುಟ್ಟಿ ಯಾಕೆ ಅಂತ ನೀವು ಕೇಳಬಹುದು. ಸೊಗಡು ಅನ್ನುವುದು ಕಾಯಿಯ ಸಿಪ್ಪೆಯ ಮೇಲಿನ ಜಿಡ್ಡಿನಲ್ಲಿದೆ. ಒಳ್ಳೆಯ ಕಾಯಿ ಸುಲಿದರೆ ಬೆರಳು ಅಂಟಂಟಾಗುತ್ತದೆ, ಸೋಪು ಹಾಕಿ ತೊಳೆದರೂ ಆ ವಾಸನೆ ಸಂಜೆಯವರೆಗೆ ಬಿಡುವುದಿಲ್ಲ. ಮೂಟೆಯಲ್ಲಿ ಕೂತು, ಮೇಲಿಂದ ಮೇಲೆ ನೀರು ಚಿಮುಕಿಸಿಕೊಂಡ ಕಾಯಲ್ಲಿ ಅದು ಅಷ್ಟಕ್ಕಷ್ಟೇ. ಸುಲಿದು ಕವರಿನಲ್ಲಿ ಕಟ್ಟಿಟ್ಟ ಕಾಳಲ್ಲಂತೂ ಇಲ್ಲವೇ ಇಲ್ಲ. ಬುಟ್ಟಿಯ ಕಾಯಿ ಬೆಳಗಿನ ಇಬ್ಬನಿ ಆರುವ ಮೊದಲೇ ಕಿತ್ತದ್ದು. ಚೀಲವನ್ನು ನಡುಮನೆಯಲ್ಲಿ ಇಟ್ಟರೆ ಸಾಕು, ರೂಮಿನಲ್ಲಿದ್ದವರಿಗೆ ಗೊತ್ತಾಗುತ್ತದೆ.

ಎಳೆಯದು, ಬಲಿತದ್ದು ಎರಡೂ ಬೆರೆತು ಬರುತ್ತದೆ. ನಾವು ಬೇರೆ ಬೇರೆ ಮಾಡುತ್ತೇವೆ. ಎಳೆಕಾಳು ಉಪ್ಪಿಟ್ಟಿಗೆ, ಅಕ್ಕಿರೊಟ್ಟಿಗೆ. ಬಲಿತದ್ದು ಹಿದುಕಿದ ಬೇಳೆಗೆ. ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಟಪ್ಪನೆ ಹೊರಗೆ ಬರುತ್ತದೆ. ಕಾಳು ಹೊಸದಾಗಿದ್ದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ, ಬೇಳೆ ಒಡೆಯುವುದಿಲ್ಲ. ಹಳೆಯದಾದರೆ ಉಗುರು ನೋಯುತ್ತದೆ. ಕಾಯಿ, ಗಸಗಸೆ, ಚಕ್ಕೆ, ಲವಂಗ, ಹಸಿಮೆಣಸಿನಕಾಯಿ, ಕೊತ್ತಂಬರಿ ರುಬ್ಬಿ ಹಾಕಿದ ಆ ಸಾರಿಗೆ ನಮ್ಮಲ್ಲಿ ಒತ್ತು ಶಾವಿಗೆ. ಮಗಳಿಗೆ ಪೂರಿ. ಸಂಕ್ರಾಂತಿ ವಾರದ ಬುಟ್ಟಿಯಲ್ಲಿ ಇದರ ಜೊತೆಗೆ ಗೆಣಸು, ಕಡಲೆಕಾಯಿ, ಒಂದು ಜಲ್ಲೆ ಕಬ್ಬು ಬಂದಿತ್ತು. ಕಬ್ಬಿಗೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ನು ಒವನ್. ಬುಟ್ಟಿಯ ತರಕಾರಿಯಲ್ಲಿ ಬೇಕಿಂಗ್ ಮಾಡುತ್ತೇನೆ ಅಂದರೆ ಜನ ಕ್ಯಾರೆಟ್ ಕೇಕ್ ಅಂದುಕೊಳ್ಳುತ್ತಾರೆ. ಇಲ್ಲಿಯ ಕ್ಯಾರೆಟ್ ಚಳಿಗಾಲದಲ್ಲಿ ಮಾತ್ರ, ಅದೂ ಸಣ್ಣದು, ಕೋಸಂಬರಿಗೇ ಖಾಲಿಯಾಗುತ್ತದೆ. ನನ್ನ ಒವನ್ನಿಗೆ ಉಪಯೋಗಕ್ಕೆ ಬಂದದ್ದು ಸಬ್ಬಸಿಗೆ, ಬಾಳೆಹಣ್ಣು, ಪರಂಗಿಕಾಯಿ ಮತ್ತು ಬೆಲ್ಲ.

ಸಬ್ಬಸಿಗೆ ಸೊಪ್ಪಿನ ಖಾರ ಬನ್ ಅಯ್ಯಂಗಾರ್ ಬೇಕರಿಯಲ್ಲಿ ನೀವೆಲ್ಲ ತಿಂದಿರುತ್ತೀರಿ. ಈ ಬನ್ನಿನ ಗುಟ್ಟು ಸೊಪ್ಪಿನ ಲೆಕ್ಕದಲ್ಲಿದೆ. ಅಂಗಡಿಯ ಬನ್ನಿನಲ್ಲಿ ಅಲ್ಲೊಂದು ಇಲ್ಲೊಂದು ಎಳೆ. ನಾನು 250 ಗ್ರಾಂ ಹಿಟ್ಟಿಗೆ ಸಣ್ಣಗೆ ಹೆಚ್ಚಿದ ಸೊಪ್ಪು ತುಂಬಿದ ಒಂದು ಬಟ್ಟಲು ಹಾಕುತ್ತೇನೆ. ಹಿಟ್ಟು ಅರ್ಧ ಮೈದಾ, ಅರ್ಧ ಗೋಧಿ. ಒಂದು ಚಮಚ ಯೀಸ್ಟ್, ಒಂದು ದೊಡ್ಡ ಚಮಚ ಸಕ್ಕರೆ, ಉಗುರುಬೆಚ್ಚಗಿನ ಹಾಲು, ಕೊನೆಗೆ ಬೆಣ್ಣೆ. ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ, ಕರಿಬೇವು ಇವನ್ನು ಹಿಟ್ಟು ಒಮ್ಮೆ ಉಬ್ಬಿದ ಮೇಲೆ ಸೇರಿಸಬೇಕು. ಮೊದಲೇ ಹಾಕಿದರೆ ಈರುಳ್ಳಿ ನೀರು ಬಿಟ್ಟು ಹಿಟ್ಟು ಕೈಗೆ ಮೆತ್ತುತ್ತದೆ. ಉಂಡೆ ಕಟ್ಟಿ ಮತ್ತೆ ಉಬ್ಬಲು ಬಿಟ್ಟು, ಮೇಲೆ ಹಾಲು ಸವರಿ 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ. ಚಳಿಗಾಲದಲ್ಲಿ ಮೈಸೂರಿನ ಅಡುಗೆಮನೆಯಲ್ಲಿ ಹಿಟ್ಟು ಉಬ್ಬಲು ಎರಡು ಗಂಟೆಯೂ ಹಿಡಿಯುತ್ತದೆ, ಆತುರ ಬೇಡ. ಬುಟ್ಟಿಯ ಸಬ್ಬಸಿಗೆ ಎಳೆಯದು, ದಂಟು ಕೂಡ ಹೆಚ್ಚಿ ಹಾಕಬಹುದು. ಮಾರ್ಕೆಟ್ಟಿನದಾದರೆ ದಂಟು ನಾರು, ಎಸೆಯಬೇಕಾಗುತ್ತದೆ. ನನ್ನ ಹತ್ತಿರ ಜಾಸ್ತಿ ಆರ್ಡರ್ ಬರುವುದು ಈ ಬನ್ನಿಗೇ.

ಬೆಲ್ಲದ ಬಗ್ಗೆ ಎರಡು ಮಾತು ಹೇಳಲೇಬೇಕು. ಮಂಡ್ಯದ ಬೆಲ್ಲ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಹಳದಿಯಾಗಿ ಹೊಳೆಯಲಿ ಅಂತ ಆಲೆಮನೆಗಳಲ್ಲಿ ಹೈಡ್ರೋಸ್ ಅನ್ನುವ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುವುದುಂಟು. ಇವರು ತರುವ ಬೆಲ್ಲ ಕಪ್ಪು ಛಾಯೆಯದು. ಕಬ್ಬಿನ ಹಾಲು ಕುದಿಯುವಾಗ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕಿ ಮಾಡಿದ್ದು, ಹಳೇ ಕ್ರಮ. ನೋಡಲು ಚಂದ ಇಲ್ಲ. ಮಳೆಗಾಲದಲ್ಲಿ ಬೇಗ ನೀರು ಬಿಡುತ್ತದೆ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಆದರೆ ಕೇಕಿಗೆ ಇದರಿಂದ ಬರುವ ಗಾಢ ರುಚಿ ಹಳದಿ ಬೆಲ್ಲದಿಂದ ಬರುವುದಿಲ್ಲ.

ಈ ಬೆಲ್ಲ, ಬುಟ್ಟಿಯ ಬಾಳೆಹಣ್ಣು, ಅವರದೇ ರಾಗಿ ಸೇರಿಸಿ ಮಾಡುವ ಕೇಕು ನಮ್ಮ ಮನೆಯಲ್ಲಿ ಎರಡು ದಿನ ಉಳಿದರೆ ಹೆಚ್ಚು. ಮಂಡ್ಯಕ್ಕೂ ರಾಗಿಗೂ ನಂಟು ದೊಡ್ಡದು. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಲ್ಲಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅತ್ತೆಯ ತವರಲ್ಲಿ ಇಂಡಾಫ್ ಅಂದರೆ ಮಕ್ಕಳಿಗೂ ಗೊತ್ತಿತ್ತಂತೆ. ಆದರೆ ರಾಗಿಯಲ್ಲಿ ಗೋಧಿಯ ಅಂಟು ಇಲ್ಲ. ಬರೀ ರಾಗಿಯಲ್ಲಿ ಮಾಡಿದ ಕೇಕು ಉಬ್ಬದೆ ಪುಡಿಪುಡಿಯಾಗುತ್ತದೆ. ಒಂದು ಬಟ್ಟಲು ರಾಗಿಹಿಟ್ಟಿಗೆ ಒಂದು ಬಟ್ಟಲು ಗೋಧಿಹಿಟ್ಟು ಬೇಕು. ರಾಗಿಹಿಟ್ಟನ್ನು ಮೊದಲು ಅರ್ಧ ಬಟ್ಟಲು ಮೊಸರಿನಲ್ಲಿ ಕಲೆಸಿ ಇಪ್ಪತ್ತು ನಿಮಿಷ ಬಿಡಿ, ಆಗ ಬಾಯಿಗೆ ಮರಳು ಮರಳಾಗಿ ಸಿಗುವುದಿಲ್ಲ. ಮೂರು ಕಳಿತ ಬಾಳೆಹಣ್ಣು, ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ, ಅರ್ಧ ಬಟ್ಟಲು ಎಣ್ಣೆ, ಏಲಕ್ಕಿ, ಒಂದು ಚಮಚ ಅಡುಗೆ ಸೋಡಾ. ಮೊಸರಿನ ಹುಳಿ ಇರುವುದರಿಂದ ಸೋಡಾ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕಲೆಸಿದ ಕೂಡಲೇ ಒವನ್ನಿಗೆ ಹೋಗಬೇಕು. 170 ಡಿಗ್ರಿ, ನಲವತ್ತು ನಲವತ್ತೈದು ನಿಮಿಷ. ಬೆಲ್ಲ ಇರುವುದರಿಂದ ಮೇಲ್ಭಾಗ ಬೇಗ ಕಪ್ಪಾಗುತ್ತದೆ. ಅರ್ಧ ಗಂಟೆಯಾದ ಮೇಲೆ ಒಂದು ಫಾಯಿಲ್ ಮುಚ್ಚಿದರೆ ಒಳ್ಳೆಯದು. ಬಾಳೆಹಣ್ಣು ಯಾವುದಾದರೂ ಆಗುತ್ತದೆ. ರಸಬಾಳೆ ಸಿಕ್ಕರೆ ಮಾತ್ರ ದಯವಿಟ್ಟು ಕೇಕಿಗೆ ಹಾಕಬೇಡಿ. ನಂಜನಗೂಡು ರಸಬಾಳೆ ಸೊರಗು ರೋಗ ಬಂದು ಅಪರೂಪವಾಗಿದೆ, ಅದನ್ನು ಹಾಗೇ ತಿನ್ನಬೇಕು.

ಬೇಸಿಗೆಯಲ್ಲಿ ಪರಂಗಿಕಾಯಿ ಒಂದರ ಮೇಲೊಂದು ಬಂತು. ಗಾಳಿಗೆ ಗಿಡಗಳು ಬಿದ್ದಿದ್ದವಂತೆ, ಕಾಯಿ ಕಾಯಿಯನ್ನೇ ಹಂಚಿದರು. ಪಲ್ಯ ಎಷ್ಟು ಅಂತ ಮಾಡುವುದು? ಟುಟಿ ಫ್ರುಟಿ ಮಾಡಿದೆ. ಬೇಕರಿಯ ಬಣ್ಣಬಣ್ಣದ ಟುಟಿ ಫ್ರುಟಿ ಪರಂಗಿಕಾಯಿಯದೇ ಅಲ್ವಾ. ಸಣ್ಣ ಚೌಕ ಹೆಚ್ಚಿ, ಪಾರದರ್ಶಕವಾಗುವವರೆಗೆ ನೀರಿನಲ್ಲಿ ಬೇಯಿಸಿ ಬಸಿದು, ಆಮೇಲೆ ಸಕ್ಕರೆ ಪಾಕದಲ್ಲಿ ನಿಧಾನವಾಗಿ ಕುದಿಸಬೇಕು. ಒಂದು ಪಾಲಿಗೆ ಬೀಟ್‌ರೂಟ್ ರಸ, ಒಂದು ಪಾಲಿಗೆ ಚಿಟಿಕೆ ಅರಿಶಿನ. ರಾತ್ರಿಯೆಲ್ಲ ಪಾಕದಲ್ಲೇ ಬಿಟ್ಟು, ಬೆಳಿಗ್ಗೆ ಸೋಸಿ ತಟ್ಟೆಯಲ್ಲಿ ಒಣಗಿಸಿದರೆ ಆಯಿತು. ಅರಿಶಿನದ ವಾಸನೆ ಬರುತ್ತದೆ ಅಂತ ಭಯ ಬೇಡ, ಪಾಕದಲ್ಲಿ ಕಾಣುವುದೇ ಇಲ್ಲ. ಅಂಗಡಿಯದಕ್ಕಿಂತ ಬಣ್ಣ ಮಂಕು. ರುಚಿ ಒಂದು ಕೈ ಮೇಲು.

ಈಗ ದೂರುಗಳು. ಇವು ಸಣ್ಣವು ಅಲ್ಲ, ಓದಿಕೊಳ್ಳಿ.

ಬುಟ್ಟಿ ತುಂಬುವವರಿಗೆ ತರಕಾರಿ ಜೋಡಿಸುವ ಕ್ರಮ ಇನ್ನೂ ಸರಿಯಾಗಿ ಬಂದಿಲ್ಲ. ಕುಂಬಳಕಾಯಿಯ ಕೆಳಗೆ ಟೊಮೆಟೊ ಇಟ್ಟು ಕಳಿಸಿದ್ದಾರೆ. ಬರುವಷ್ಟರಲ್ಲಿ ಅದು ಗೊಜ್ಜಾಗಿತ್ತು. ಹೇಳಿದ ಮೇಲೆ ಕೆಲವು ವಾರ ಸರಿಹೋಯಿತು, ಮತ್ತೆ ಅದೇ ಕತೆ. ಏನು ಬರುತ್ತದೆ ಅನ್ನುವ ಮೆಸೇಜು ಶುಕ್ರವಾರ ರಾತ್ರಿ ಹತ್ತು ಗಂಟೆಯ ಮೇಲೆ ಬರುತ್ತದೆ. ಅವರೆಕಾಳಿನ ಕಾಲದಲ್ಲಿ, ಕಾಯಿ ತುರಿಯುವುದು, ಅಕ್ಕಿ ನೆನೆಸುವುದು ಎಲ್ಲ ಮೊದಲೇ ಗೊತ್ತಿದ್ದರೆ ಎಷ್ಟು ಅನುಕೂಲ! ಗುರುವಾರವೇ ಹೇಳಿ ಅಂತ ಎಷ್ಟೋ ಮನೆಯವರು ಕೇಳಿದ್ದಾರೆ. ಜನವರಿಯಲ್ಲಿ ಮೂಲಂಗಿ, ನವಿಲುಕೋಸು ವಾರ ವಾರವೂ ಬರುತ್ತದೆ. ಒಂದೇ ಸಲ ಎಲ್ಲ ಬಿತ್ತಿಬಿಡುತ್ತಾರೆ. ಹದಿನೈದು ದಿನ ಬಿಟ್ಟು ಬಿಟ್ಟು ಬಿತ್ತಿದರೆ ಈ ತೊಂದರೆ ಇರುವುದಿಲ್ಲ, ಇದು ಅವರಿಗೂ ಗೊತ್ತು. ಆಳು ಸಿಗುವುದಿಲ್ಲ ಅನ್ನುತ್ತಾರೆ. ಕಾರಣ ನಿಜ ಇರಬಹುದು. ದುಡ್ಡು ಕೊಟ್ಟವರ ಕಡೆಯಿಂದಲೂ ಯೋಚಿಸಬೇಕು.

ಈರುಳ್ಳಿ, ಆಲೂಗೆಡ್ಡೆ, ಶುಂಠಿ ಬುಟ್ಟಿಯಲ್ಲಿ ಬರುವುದಿಲ್ಲ. ಹಣ್ಣು ಕಡಿಮೆ. ಅಂದರೆ ಹಾಪ್‌ಕಾಮ್ಸ್ ಅಂಗಡಿಗೋ ದೇವರಾಜ ಮಾರ್ಕೆಟ್ಟಿಗೋ ನೀವು ಹೋಗಲೇಬೇಕು. ಚಳಿಗಾಲದಲ್ಲಿ ಮಾರ್ಕೆಟ್ಟಿನ ತರಕಾರಿ ಅಗ್ಗವಾದಾಗ ಬುಟ್ಟಿ ದುಬಾರಿ ಅನ್ನಿಸುತ್ತದೆ. ಬೇಸಿಗೆಯಲ್ಲಿ ಲೆಕ್ಕ ತಿರುಗುತ್ತದೆ. ವರ್ಷಕ್ಕೆ ನೋಡಿದರೆ ನಮಗೆ ಹೆಚ್ಚುಕಮ್ಮಿ ಸರಿಹೋಗುತ್ತದೆ, ಉಳಿತಾಯವೇನೂ ಆಗುವುದಿಲ್ಲ. ಊರಿಗೆ ಹೋದ ವಾರ ದುಡ್ಡು ವಾಪಸ್ ಇಲ್ಲ. ನಮ್ಮ ಪಾಲನ್ನು ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತೇವೆ.

ಕೆಲಸದ ವಿಷಯವೂ ಹೇಳಬೇಕು. ಮಳೆಗಾಲದ ಸೊಪ್ಪಿನಲ್ಲಿ ಮಣ್ಣು ಇರುತ್ತದೆ, ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು. ಹೂಕೋಸಿನಲ್ಲಿ ಹುಳ ಇರುತ್ತದೆ, ಉಪ್ಪು ಅರಿಶಿನದ ಬಿಸಿನೀರಿನಲ್ಲಿ ಅದ್ದಿ ಇಡಬೇಕು. ಶನಿವಾರ ಬೆಳಿಗ್ಗೆ ಒಂದು ಗಂಟೆ ಇದಕ್ಕೇ ಹೋಗುತ್ತದೆ. ನಮ್ಮಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಾರೆ, ಯಜಮಾನರು ಅವರೆಕಾಯಿ ಸುಲಿಯುತ್ತಾರೆ, ಹಾಗಾಗಿ ನಡೆಯುತ್ತದೆ. ಇಬ್ಬರೂ ಕೆಲಸಕ್ಕೆ ಹೋಗಿ ಶನಿವಾರವೂ ರಜೆ ಇಲ್ಲದ ಮನೆಯಲ್ಲಿ ಇದು ಹೊರೆಯೇ ಆಗುತ್ತದೆ. ಬುಧವಾರದ ಹೊತ್ತಿಗೆ ಅರ್ಧ ಬುಟ್ಟಿ ಕೊಳೆತು ಕಸಕ್ಕೆ ಹೋಗುವುದಾದರೆ ರೈತರಿಗೂ ನ್ಯಾಯವಲ್ಲ, ನಿಮಗೂ ಅಲ್ಲ.

ತಿನ್ನುವ ಸರದಿ ಗೊತ್ತಿದ್ದರೆ ಅರ್ಧ ಕಷ್ಟ ಕಡಿಮೆ. ಶನಿವಾರ, ಭಾನುವಾರ ಸೊಪ್ಪು. ಆಮೇಲೆ ಬೆಂಡೆ, ಹೀರೆ, ಹಲಸಂದೆ. ವಾರದ ಕೊನೆಗೆ ಬೀಟ್‌ರೂಟ್, ಗೆಣಸು, ಸೋರೆ, ಕುಂಬಳ. ಬೀಟ್‌ರೂಟ್, ಮೂಲಂಗಿಯ ಸೊಪ್ಪನ್ನು ಬಂದ ದಿನವೇ ಕತ್ತರಿಸಿ ಬೇರೆ ಮಾಡಿ. ಹಾಗೇ ಬಿಟ್ಟರೆ ಗೆಡ್ಡೆ ಬೇಗ ಮೆತ್ತಗಾಗುತ್ತದೆ. ಆ ಸೊಪ್ಪು ಎಸೆಯಬೇಡಿ, ಮೂಲಂಗಿ ಸೊಪ್ಪಿನ ಪಲ್ಯ ಮುದ್ದೆಗೆ ಚೆನ್ನಾಗಿರುತ್ತದೆ.

ಇಂಥ ಗುಂಪಿಗೆ ಸೇರುವ ಮುಂಚೆ ಒಮ್ಮೆ ಜಮೀನಿಗೆ ಹೋಗಿ ಬನ್ನಿ. ಬರಬೇಡಿ ಅನ್ನುವವರ ಹತ್ತಿರ ದುಡ್ಡು ಕಟ್ಟಬೇಡಿ. ನೀರು ಎಲ್ಲಿಂದ ಅಂತ ಕೇಳಿ. ನಾಲೆಯೊಂದೇ ಆದರೆ ಬೇಸಿಗೆಯಲ್ಲಿ ಏನು ಕೊಡುತ್ತಾರೆ ಅಂತ ಕೇಳಿ. ಬೆಳೆ ಹೋದರೆ ದುಡ್ಡಿನ ಕತೆ ಏನು ಅನ್ನುವುದನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಹೊರಗಿನಿಂದ ತಂದು ತುಂಬುತ್ತಾರಾ ಅಂತಲೂ ಕೇಳಿ. ಮೇ ತಿಂಗಳಲ್ಲಿ ಪಾಂಡವಪುರದ ಬುಟ್ಟಿಯಲ್ಲಿ ಬಟಾಣಿ ಬಂದರೆ ಅದು ಅಲ್ಲಿ ಬೆಳೆದದ್ದಲ್ಲ ಅಂತ ತಿಳಿಯಿರಿ. ನಮ್ಮವರು ಇದುವರೆಗೆ ಹಾಗೆ ಮಾಡಿಲ್ಲ. ಇಲ್ಲದ ವಾರ ಇಲ್ಲ ಅಂದಿದ್ದಾರೆ.

ಒಟ್ಟಾರೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಮೆಸೇಜಿಗೆ ಮತ್ತು ಟೊಮೆಟೊಗೆ. ಯುಗಾದಿಗೆ ಮುಂದಿನ ಮೂರು ತಿಂಗಳ ದುಡ್ಡು ಕಟ್ಟಬೇಕು. ನಾವು ಅರ್ಧ ಬುಟ್ಟಿಯಲ್ಲೇ ಮುಂದುವರಿಯುತ್ತೇವೆ, ಪೂರ್ತಿ ಬುಟ್ಟಿ ನಾಲ್ಕು ಜನಕ್ಕೆ ಜಾಸ್ತಿ. ಈ ಸಲ ಹಸಿಶುಂಠಿ ಒಂದು ಪಾತಿ ಹಾಕಿ ಅಂತ ಕೇಳಿದ್ದೇನೆ, ನೋಡೋಣ ಅಂದಿದ್ದಾರೆ.